ಇಂದಿನ ಚಿಂತನೆ: ಕಪಿರಾಜನ ಕಥೆ ಬರೆದ ಹುಡುಗಿ





ಮಹಾಕಪಿ ಜಾತಕ ನಮ್ಮ ಬಳಗದ ಹೆಚ್ಚಿನವರಿಗೆ ಗೊತ್ತು. ಗಂಗೆಯ ದಡದಲ್ಲಿ ದೊಡ್ಡ ಮಾವಿನ ಮರ. ಆ ಮರವನ್ನೇ ನಂಬಿಕೊಂಡ ಎಂಬತ್ತು ಸಾವಿರ ಕೋತಿಗಳು. ಹಣ್ಣಿನ ರುಚಿ ಹತ್ತಿದ ಕಾಶಿಯ ರಾಜ ಮರದ ಸುತ್ತ ಬಿಲ್ಲುಗಾರರನ್ನು ನಿಲ್ಲಿಸುತ್ತಾನೆ. ಕಪಿರಾಜ ಆಚೆ ದಡಕ್ಕೆ ಹಾರಿ, ಬೆತ್ತವೊಂದನ್ನು ಅಲ್ಲಿಯ ಗಿಡಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮರಳಿ ಹಾರುತ್ತಾನೆ. ಬೆತ್ತ ಅಳತೆಗೆ ಸಾಲುವುದಿಲ್ಲ. ಸಾಲದಷ್ಟು ದೂರಕ್ಕೆ ತನ್ನ ಮೈಯನ್ನೇ ಚಾಚಿ ಸೇತುವೆಯಾಗುತ್ತಾನೆ. ಎಲ್ಲರೂ ಅವನ ಬೆನ್ನು ತುಳಿದು ಪಾರಾಗುತ್ತಾರೆ. ಅವನು ಉಳಿಯುವುದಿಲ್ಲ.

ಈ ಕಥೆಯನ್ನೂ ಇನ್ನು ಹತ್ತೊಂಬತ್ತು ಜಾತಕಗಳನ್ನೂ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದವಳು ಪ್ಯಾರಿಸ್ ಪಕ್ಕದ ಒಂದು ಊರಿನ ಹುಡುಗಿ. ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಗ ಆಕೆಗೆ ಇಪ್ಪತ್ತೈದು ವರ್ಷ. ಐದು ವರ್ಷದ ನಂತರ, 1944ರ ಸೆಪ್ಟೆಂಬರ್ 13ರಂದು, ಡಖಾವ್ ಎಂಬ ನಾಜಿ ಶಿಬಿರದಲ್ಲಿ ಆಕೆಯನ್ನು ಕೊಂದರು. ಹೆಸರು ನೂರ್ ಇನಾಯತ್ ಖಾನ್.

ನಮ್ಮ ಕಡೆ ಈ ಹೆಸರು ಬಂದಾಗಲೆಲ್ಲ ಪತ್ರಿಕೆಗಳು ಟಿಪ್ಪು ಸುಲ್ತಾನರ ವಂಶದ ವೀರವನಿತೆ ಎಂದು ಬರೆದು ಮುಗಿಸುತ್ತವೆ. ಆ ಸಂಬಂಧ ಇದೆ, ಹೇಳುತ್ತೇನೆ. ಆದರೆ ಒಬ್ಬರನ್ನು ಗೌರವಿಸುವುದಕ್ಕೂ ಮೊದಲು ವಂಶ ಹುಡುಕುವ ಈ ಅಭ್ಯಾಸ ನನಗೆ ಅಷ್ಟು ಹಿಡಿಸುವುದಿಲ್ಲ. ರಕ್ತ ನೋಡಿ ಅವಮಾನ ಮಾಡುವವರೂ ರಕ್ತ ನೋಡಿ ಮಾಲೆ ಹಾಕುವವರೂ ಹಿಡಿದಿರುವುದು ಒಂದೇ ತಕ್ಕಡಿ. ಅದರಲ್ಲೂ ನೂರ್ ವಿಷಯದಲ್ಲಿ ಆ ತಕ್ಕಡಿ ಕೆಲಸಕ್ಕೇ ಬರುವುದಿಲ್ಲ. ಯಾಕೆಂದರೆ ಆಕೆ ಯಾವ ರಕ್ತದವಳು ಎಂದು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ.

ತಂದೆ ಇನಾಯತ್ ಖಾನ್ 1882ರಲ್ಲಿ ಬರೋಡದಲ್ಲಿ ಹುಟ್ಟಿದವರು. ವೀಣೆ ನುಡಿಸುತ್ತಿದ್ದರು, ಹಾಡುತ್ತಿದ್ದರು, ಸೂಫಿ ಮಾರ್ಗದಲ್ಲಿದ್ದರು. ಅವರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಸಂಗೀತಗಾರರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಹಾಡಿ ಸನ್ಮಾನ ಪಡೆದವರು. ಮೌಲಾ ಬಕ್ಷರ ಹೆಂಡತಿ ಟಿಪ್ಪುವಿನ ವಂಶದವರು ಎಂದು ಆ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಮುಂದೆ ಮೌಲಾ ಬಕ್ಷ್ ಬರೋಡದಲ್ಲಿ ನೆಲೆನಿಂತರು. 1886ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಬೆಂಬಲದಿಂದ ಅಲ್ಲಿ ಸಂಗೀತ ಶಾಲೆ ನಡೆಸಿದರು. ಸಯಾಜಿರಾವ್ ಎಂದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಹೌದು, ಅವರೇ. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಅದೇ ಮಹಾರಾಜರ ವಿದ್ಯಾರ್ಥಿವೇತನದಿಂದ.

ತಾಯಿ ಓರಾ ರೇ ಬೇಕರ್ ಅಮೆರಿಕದ ಬಿಳಿಯ ಹೆಣ್ಣುಮಗಳು. ತಂದೆತಾಯಿ ಇಲ್ಲದೆ ಮಲಅಣ್ಣನ ಆಶ್ರಯದಲ್ಲಿ ಬೆಳೆದವಳು. ಆ ಮಲಅಣ್ಣ ಯೋಗ ಕಲಿಸುವ ಗುರು. ಭಾರತದ ಯೋಗ ಅವನಿಗೆ ಬೇಕಿತ್ತು, ಭಾರತದ ಅಳಿಯ ಬೇಡವಾಗಿದ್ದ. ಪಾಠ ಒಪ್ಪಿ ಮನುಷ್ಯನನ್ನು ದೂರ ಇಡುವ ಈ ರೀತಿ ನಮಗೇನೂ ಹೊಸದಲ್ಲ. ಓರಾ ಮನೆ ಬಿಟ್ಟು, ಸಮುದ್ರ ದಾಟಿ, 1913ರಲ್ಲಿ ಲಂಡನ್ನಿನಲ್ಲಿ ಇನಾಯತ್ ಖಾನರನ್ನು ಮದುವೆಯಾದಳು. ಅಮೀನಾ ಬೇಗಂ ಎಂದು ಹೆಸರು ಬದಲಾಯಿತು. ತವರು ಅಲ್ಲಿಗೆ ಕಡಿಯಿತು.

1914ರ ಜನವರಿ 1ರಂದು ಮಾಸ್ಕೋದಲ್ಲಿ ನೂರ್ ಹುಟ್ಟಿದಳು. ಅಪ್ಪ ಭಾರತದ ಮುಸ್ಲಿಂ, ಅಮ್ಮ ಅಮೆರಿಕದವಳು, ಹುಟ್ಟಿದ ಊರು ರಷ್ಯಾದಲ್ಲಿ. ಅದೇ ವರ್ಷ ಮಹಾಯುದ್ಧ ಶುರುವಾಗುವ ಹೊತ್ತಿಗೆ ಕುಟುಂಬ ಲಂಡನ್ನಿಗೆ ಬಂತು. ಅಲ್ಲಿ ವಿಲಾಯತ್, ಹಿದಾಯತ್, ಖೈರುನ್ನಿಸಾ ಹುಟ್ಟಿದರು. 1920ರಲ್ಲಿ ಎಲ್ಲರೂ ಫ್ರಾನ್ಸಿಗೆ ಹೋದರು. ಎರಡು ವರ್ಷದ ನಂತರ ಪ್ಯಾರಿಸ್ ಬಳಿಯ ಸುರೇನ್ ಎಂಬಲ್ಲಿ ಶಿಷ್ಯೆಯೊಬ್ಬರು ಕೊಡಿಸಿದ ಮನೆ ಸೇರಿದರು. ಮನೆಗೆ ಫಜಲ್ ಮಂಜಿಲ್ ಎಂದು ಹೆಸರಿಟ್ಟರು. ಮನೆಯೊಳಗೆ ವೀಣೆ, ಧ್ಯಾನ, ಭಾರತದ ಕಥೆಗಳು. ಹೊರಗೆ ಫ್ರೆಂಚ್ ಶಾಲೆ, ಫ್ರೆಂಚ್ ಗೆಳತಿಯರು. ಮನೆಯವರು ಆಕೆಯನ್ನು ಬಾಬುಲಿ ಎಂದು ಕರೆಯುತ್ತಿದ್ದರು. ನಾಚಿಕೆಯ, ಮೆತ್ತಗೆ ಮಾತಾಡುವ, ಕನಸುಗಣ್ಣಿನ ಹುಡುಗಿ.

1926ರಲ್ಲಿ ಇನಾಯತ್ ಖಾನರು ಭಾರತಕ್ಕೆ ಹೊರಟರು. ಹೆಂಡತಿ ಮಕ್ಕಳು ಸುರೇನ್‌ನಲ್ಲೇ ಉಳಿದರು. 1927ರ ಫೆಬ್ರವರಿ 5ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ವಯಸ್ಸು ನಲವತ್ತನಾಲ್ಕು. ಹಜರತ್ ನಿಜಾಮುದ್ದೀನರ ದರ್ಗಾದ ಹತ್ತಿರ ಮಣ್ಣು ಮಾಡಿದರು.

ಆಗ ನೂರ್‌ಗೆ ಹದಿಮೂರು. ಹಿದಾಯತನಿಗೆ ಒಂಬತ್ತು, ಖೈರುನ್ನಿಸಾಗೆ ಇನ್ನೂ ಚಿಕ್ಕ ವಯಸ್ಸು. ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ಸಾವಿರಾರು ಮೈಲಿ ಆಚೆಯಿಂದ ಸುದ್ದಿ ಮಾತ್ರ ಬಂತು. ಆ ಸುದ್ದಿ ಕೇಳಿದ ಅಮೀನಾ ಬೇಗಂ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಒಂದು ದಿನ, ಒಂದು ವಾರದ ಮಾತಲ್ಲ, ಆ ದುಃಖ ವರ್ಷಗಟ್ಟಲೆ ಅವರನ್ನು ಬಿಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಈ ಮನುಷ್ಯನಿಗಾಗಿ ದೇಶ, ಹೆಸರು, ತವರು ಎಲ್ಲ ಬಿಟ್ಟು ಬಂದವರು. ಈಗ ಅವರಿಗೆ ಮರಳಿ ಹೋಗಲು ಯಾವ ಊರೂ ಇರಲಿಲ್ಲ.

ಮನೆಯ ಕೆಲಸ ಬಾಬುಲಿಯ ಮೇಲೆ ಬಿತ್ತು. ತಮ್ಮಂದಿರನ್ನು ಎಬ್ಬಿಸುವುದು, ಶಾಲೆಗೆ ಕಳಿಸುವುದು, ತಂಗಿಯನ್ನು ಮಲಗಿಸುವುದು, ಅಮ್ಮನ ಕೋಣೆಗೆ ಊಟ ಒಯ್ಯುವುದು. ಹದಿಮೂರರ ಹುಡುಗಿ ನಾಲ್ಕು ಜನರಿಗೆ ತಾಯಿಯಾದಳು. ನಾಲ್ಕು ಅಂದರೆ ಅಮ್ಮನನ್ನೂ ಸೇರಿಸಿ. ಅಮ್ಮನ ಹುಟ್ಟುಹಬ್ಬಕ್ಕೆ ಪದ್ಯ ಬರೆದು ಕೊಡುತ್ತಿದ್ದಳು. ತಂಗಿ ತಮ್ಮಂದಿರಿಗೆ ಕಥೆ ಹೇಳುತ್ತಿದ್ದಳು. ಹೀಗೆ ಮನೆಯಲ್ಲಿ ಹೇಳುತ್ತ ಹೇಳುತ್ತ ಆಕೆ ಕಥೆಗಾರ್ತಿಯಾದಳು ಎಂಬುದು ನನ್ನ ಅನಿಸಿಕೆ.

ನಮ್ಮ ತರಗತಿಗಳಲ್ಲೂ ಇಂಥ ಹುಡುಗಿಯರು ಇರುತ್ತಾರೆ. ಏಳನೆಯ ತರಗತಿಯಲ್ಲೇ ಮನೆಗೆ ಯಜಮಾನತಿ. ಹಾಜರಿ ಕಡಿಮೆ, ನೋಟ್‌ಬುಕ್ ಅರ್ಧ, ಕಣ್ಣಲ್ಲಿ ನಿದ್ದೆ. ನಾವು ಕೇಳುವುದು ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಮಾತ್ರ.

ಅಪ್ಪ ಹೋದ ಮೇಲೆ ಚಿಕ್ಕಪ್ಪಂದಿರ ಮಾತು ಮನೆಯಲ್ಲಿ ಜೋರಾಯಿತು. ಹೆಣ್ಣುಮಗಳು ಹೀಗಿರಬೇಕು, ಖಾನದಾನಿನ ಮರ್ಯಾದೆ ಉಳಿಸಬೇಕು ಎಂಬ ಕಟ್ಟುಪಾಡು ಒಂದು ಕಡೆ. ಓದಿ ಸ್ವತಂತ್ರವಾಗಿ ಓಡಾಡುವ ಫ್ರೆಂಚ್ ಗೆಳತಿಯರು ಇನ್ನೊಂದು ಕಡೆ. ನೂರ್ ಇಬ್ಬರನ್ನೂ ಬಿಡಲಿಲ್ಲ. ಸೊರ್ಬೋನ್‌ನಲ್ಲಿ ಮಕ್ಕಳ ಮನಃಶಾಸ್ತ್ರ ಓದಿದಳು. ನಾದಿಯಾ ಬೂಲಾಂಜೆ ಎಂಬ ಹೆಸರಾಂತ ಗುರುವಿನ ಬಳಿ ಸಂಗೀತ ಕಲಿತಳು. ಪಿಯಾನೋ ನುಡಿಸಿದಳು, ಹಾರ್ಪ್ ನುಡಿಸಿದಳು, ಅಪ್ಪನ ವೀಣೆಯನ್ನೂ ಮರೆಯಲಿಲ್ಲ. ಒಬ್ಬ ಯಹೂದಿ ಯುವಕನನ್ನು ಮೆಚ್ಚಿ ವರ್ಷಗಟ್ಟಲೆ ಕಾದಳು. ಮನೆಯವರು ಒಪ್ಪಲಿಲ್ಲ. ಬೆರಕೆ ಮದುವೆಯಿಂದಲೇ ಬೆಳೆದ ಮನೆ ಮಗಳ ಬೆರಕೆ ಮದುವೆಗೆ ಅಡ್ಡ ನಿಂತಿತು. ಕೊನೆಗೆ ಆ ಸಂಬಂಧ ಮುರಿಯಿತು. ಆ ದುಃಖವೂ ಆಕೆಯದೇ ಆಯಿತು.

ಆಮೇಲೆ ಬರವಣಿಗೆ. ಪ್ಯಾರಿಸ್ಸಿನ ಫಿಗಾರೊ ಪತ್ರಿಕೆಯಲ್ಲಿ ಆಕೆಯ ಮಕ್ಕಳ ಕಥೆಗಳು ಬಂದವು, ರೇಡಿಯೋದಲ್ಲಿ ಪ್ರಸಾರವಾದವು. 1939ರಲ್ಲಿ ಜಾತಕ ಕಥೆಗಳ ಪುಸ್ತಕ ಬಂತು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನೂರ್ ಬೌದ್ಧಳಾಗಿರಲಿಲ್ಲ, ಸೂಫಿ ಮನೆಯವಳು. ಸಿಕ್ಕ ಒಳ್ಳೆಯವರನ್ನೆಲ್ಲ ನಮ್ಮವರು ಎಂದು ಎಳೆದುಕೊಳ್ಳುವುದು ನಮಗೆ ಬೇಡ. ಜಾತಕಗಳನ್ನು ಹಿಂದಿನ ಜನ್ಮದ ಪುರಾವೆ ಎಂದು ಓದುವವರೂ ನಾವಲ್ಲ. ಬಾಬಾಸಾಹೇಬರ ದಾರಿಯಲ್ಲಿ ನಡೆಯುವವರಿಗೆ ಅವು ಮೈತ್ರಿ ಕರುಣೆಯ ಕಥೆಗಳು. ಆದರೂ ಬುದ್ಧ, ಕ್ರಿಸ್ತ, ಪೈಗಂಬರ್ ಎಲ್ಲರ ಕಥೆ ಕೇಳಿ ಬೆಳೆದ ಹುಡುಗಿ ಮೊದಲ ಪುಸ್ತಕಕ್ಕೆ ಜಾತಕಗಳನ್ನೇ ಆರಿಸಿಕೊಂಡಳಲ್ಲ, ಅದರ ಬಗ್ಗೆ ನಾನು ಯೋಚಿಸಿದ್ದೇನೆ. ಜಾತಕಗಳಲ್ಲಿ ಬೋಧಿಸತ್ತ ಕೋತಿಯಾಗುತ್ತಾನೆ, ಮೊಲವಾಗುತ್ತಾನೆ, ಜಿಂಕೆಯಾಗುತ್ತಾನೆ. ಚಂಡಾಲರ ಮನೆಯ ಮಗನೂ ಆಗುತ್ತಾನೆ. ಯಾವ ಹೊಟ್ಟೆಯಲ್ಲಿ ಹುಟ್ಟಿದ ಎಂಬುದನ್ನು ಕಥೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಏನು ಮಾಡಿದ ಎಂಬುದನ್ನು ಉಳಿದ ಕಥೆಯೆಲ್ಲ ಹೇಳುತ್ತದೆ. ಅರ್ಧ ಇದು ಅರ್ಧ ಅದು ಎಂದು ಅನಿಸಿಕೊಂಡ ಹುಡುಗಿಗೆ ಆ ಕಥೆಗಳಲ್ಲಿ ಉಸಿರಾಡಲು ಜಾಗ ಸಿಕ್ಕಿರಬೇಕು.

1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸಿಗೆ ಬಂತು. ನೂರ್ ಮತ್ತು ವಿಲಾಯತ್ ಮುಂದೆ ದೊಡ್ಡ ಪ್ರಶ್ನೆ. ಅಪ್ಪ ಕಲಿಸಿದ್ದು ಅಹಿಂಸೆ. ಎದುರಿಗಿದ್ದದ್ದು ಯಹೂದಿಗಳನ್ನು ಹುಟ್ಟಿನ ಕಾರಣಕ್ಕೆ ಮನುಷ್ಯರಲ್ಲ ಎನ್ನುತ್ತಿದ್ದ ಆಡಳಿತ. ಸುಮ್ಮನಿರುವುದು ಅಹಿಂಸೆಯಾಗುವುದಿಲ್ಲ ಎಂದು ಅಕ್ಕ ತಮ್ಮ ಇಬ್ಬರೂ ತೀರ್ಮಾನಿಸಿದರು. ಕೊಲ್ಲುವ ಕೆಲಸ ಬೇಡ, ಅಪಾಯ ಹೆಚ್ಚಿರುವ ಕೆಲಸ ತೆಗೆದುಕೊಳ್ಳೋಣ ಎಂಬುದು ಅವರು ಕಂಡುಕೊಂಡ ದಾರಿ. ವಿಲಾಯತ್ ಮುಂದೆ ನೌಕಾಪಡೆ ಸೇರಿದ. ಹಿದಾಯತ್ ಫ್ರಾನ್ಸಿನಲ್ಲೇ ಉಳಿದ. ಉಳಿದವರು ಬೋರ್ಡೊ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡ್ ಸೇರಿದರು.

ಅದೇ ನವೆಂಬರ್‌ನಲ್ಲಿ ನೂರ್ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. ಸೇರುವಾಗ ಹೆಸರನ್ನು ನೋರಾ ಎಂದು, ಧರ್ಮದ ಕಲಂನಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಎಂದು ಬರೆಸಿದಳು. ನಿಜ ಬರೆಸಿದರೆ ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತಿದ್ದವು. ನಮ್ಮವರಿಗೆ ಇದು ಅರ್ಥವಾಗುತ್ತದೆ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ಬೌದ್ಧ ಎಂದು ಬರೆದರೆ, ಅದು ಸರಿ, ಮೊದಲು ಏನಿತ್ತು ಎಂದು ಕೇಳುವವರು ಇವತ್ತಿಗೂ ಇದ್ದಾರೆ.

ಆದರೆ ಆಕೆ ಎಲ್ಲವನ್ನೂ ಮುಚ್ಚಿಡಲಿಲ್ಲ. ಅಧಿಕಾರಿಯಾಗುವ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಬಗ್ಗೆ ಕೇಳಿದಾಗ, ಯುದ್ಧ ಮುಗಿಯುವವರೆಗೆ ಬ್ರಿಟನ್ನಿಗೆ ನಿಷ್ಠೆ, ಮುಗಿದ ಮೇಲೆ ಭಾರತದ ಬಿಡುಗಡೆಯ ಪರ ನಿಲ್ಲುವುದಾಗಿ ನೇರವಾಗಿ ಹೇಳಿದಳು. ಬ್ರಿಟಿಷರ ಸಮವಸ್ತ್ರ ತೊಟ್ಟವಳನ್ನು ಹೊಗಳಬಹುದೇ ಎಂದು ಕೇಳುವವರು ಆ ಕಾಲವನ್ನೂ ನೋಡಬೇಕು. 1942ರಲ್ಲಿ ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡರು. ನಾಜಿವಾದ ಗೆದ್ದರೆ ಸ್ವಾತಂತ್ರ್ಯ ಸಮಾನತೆಗಳಿಗೇ ಉಳಿಗಾಲವಿಲ್ಲ ಎಂದು ಕಾರ್ಮಿಕರಿಗೆ ತಿಳಿಸಿದರು. ಅದೇ ಹೊತ್ತಿಗೆ ಭಾರತದ ಸ್ವಾತಂತ್ರ್ಯವನ್ನೂ ಬಯಸಿದರು. ಎರಡನ್ನೂ ಒಟ್ಟಿಗೆ ಬಯಸಿದವಳು ನೂರ್ ಒಬ್ಬಳೇ ಅಲ್ಲ.

ಫ್ರೆಂಚ್ ಚೆನ್ನಾಗಿ ಬರುತ್ತಿದ್ದುದರಿಂದ ಎಸ್‌ಒಇ ಎಂಬ ಗುಪ್ತ ಸಂಸ್ಥೆ ಆಕೆಯನ್ನು ಕರೆಯಿತು. ತರಬೇತಿಯಲ್ಲಿ ಮೇಷ್ಟ್ರುಗಳು ಬರೆದ ವರದಿಗಳು ಒಳ್ಳೆಯವಲ್ಲ. ಬಂದೂಕು ಕಂಡರೆ ಹೆದರುತ್ತಾಳೆ, ನಾಜೂಕು ಸಾಲದು, ಬುದ್ಧಿ ಅಷ್ಟಕ್ಕಷ್ಟೆ, ಸುಳ್ಳು ಹೇಳಲು ಬರುವುದಿಲ್ಲ. ಗುಪ್ತಚರಳಾಗುವವಳಿಗೆ ಮುಸಾವಾದದಿಂದ ದೂರ ಇರುವುದೇ ದೋಷವಾಯಿತು! ಆದರೂ ವೈರ್‌ಲೆಸ್ ಆಪರೇಟರ್‌ಗಳು ತುರ್ತಾಗಿ ಬೇಕಿದ್ದರು, ಕಳಿಸಿದರು. 1943ರ ಜೂನ್ 16ರ ರಾತ್ರಿ ಚಿಕ್ಕ ವಿಮಾನದಲ್ಲಿ ಫ್ರಾನ್ಸಿನ ಹೊಲವೊಂದರಲ್ಲಿ ಇಳಿದಳು. ಆ ಕೆಲಸಕ್ಕೆ ಇಂಗ್ಲೆಂಡಿನಿಂದ ಅಲ್ಲಿಗೆ ಹೋದ ಮೊದಲ ಹೆಣ್ಣುಮಗಳು ಆಕೆ. ಸಂಸ್ಥೆಯೊಳಗೆ ನೋರಾ ಬೇಕರ್, ವೈರ್‌ಲೆಸ್‌ನಲ್ಲಿ ಮೆಡಲೀನ್. ಕೈಯಲ್ಲಿದ್ದ ಸುಳ್ಳು ಕಾಗದಪತ್ರದಲ್ಲಿ ಜಾನ್ ಮರೀ ರೆನಿಯೆ, ಮಕ್ಕಳನ್ನು ನೋಡಿಕೊಳ್ಳುವ ದಾದಿ. ಬಾಬುಲಿಯನ್ನು ಸೇರಿಸಿದರೆ ಹೆಸರುಗಳು ಎಷ್ಟಾದವು ನೋಡಿ.

ಇಳಿದು ಹತ್ತು ದಿನ ಆಗುವುದರೊಳಗೆ ಪ್ಯಾರಿಸ್ಸಿನ ಗುಪ್ತ ಜಾಲದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದು ಲಂಡನ್ ಹೇಳಿತು. ತಾನೂ ಬಂದುಬಿಟ್ಟರೆ ಇಲ್ಲಿಂದ ಸುದ್ದಿ ಕಳಿಸುವವರು ಯಾರೂ ಉಳಿಯುವುದಿಲ್ಲ ಎಂದು ನೂರ್ ಒಪ್ಪಲಿಲ್ಲ. ಅಲ್ಲಿ ವೈರ್‌ಲೆಸ್ ಇಟ್ಟುಕೊಂಡವರು ಸರಾಸರಿ ಆರು ವಾರ ಬದುಕುತ್ತಾರೆ ಎಂಬ ಲೆಕ್ಕವಿತ್ತು. ಈಕೆ ಸುಮಾರು ನಾಲ್ಕು ತಿಂಗಳು ನಡೆಸಿದಳು. ಸುಮಾರು ಹದಿನೈದು ಕಿಲೋ ತೂಕದ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ, ಕೂದಲಿಗೆ ಬಣ್ಣ ಬದಲಾಯಿಸುತ್ತ, ಹಳೆಯ ಪರಿಚಯದವರ ಬಾಗಿಲು ತಟ್ಟುತ್ತ. ಬಾಲ್ಯದ ಸುರೇನ್‌ಗೂ ಹೋಗಿ ಬಂದಳು.

ಒಂದು ದೊಡ್ಡ ತಪ್ಪೂ ಆಯಿತು, ಅದನ್ನು ಬಿಟ್ಟು ಹೇಳುವುದು ಸರಿಯಲ್ಲ. ಕಳಿಸಿದ ಸಂದೇಶಗಳ ನಕಲನ್ನು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡಿದ್ದಳು. ಅಕ್ಟೋಬರ್‌ನಲ್ಲಿ ಯಾರೋ ಹಣಕ್ಕೆ ಸುಳಿವು ಕೊಟ್ಟು ಆಕೆ ಸಿಕ್ಕಿಬಿದ್ದಾಗ ಆ ನೋಟ್‌ಬುಕ್ಕೂ ಜರ್ಮನರ ಕೈ ಸೇರಿತು. ಅದರ ಸಹಾಯದಿಂದ ಅವರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸಿದರು. ಎಚ್ಚರಿಕೆಯ ಮಾತು ಬಂದಿದ್ದರೂ ಲಂಡನ್ ಕಚೇರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಇಳಿದ ಕೆಲವರು ನೇರವಾಗಿ ಶತ್ರುಗಳ ಕೈಗೇ ಬಿದ್ದರು. ಆಕೆಯನ್ನು ಮೆಚ್ಚುವವರು ಆ ಸತ್ತವರನ್ನೂ ನೆನೆಯಬೇಕು.

ಪ್ಯಾರಿಸ್ಸಿನ ಗುಪ್ತ ಪೊಲೀಸರ ಕಚೇರಿಯಲ್ಲಿ ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಮೊದಲ ಸಲ ಬಚ್ಚಲಿನ ಕಿಟಕಿಯಿಂದ, ಇನ್ನೊಮ್ಮೆ ಇಬ್ಬರು ಜೊತೆಗಾರರೊಂದಿಗೆ ಚಾವಣಿಯ ಮೇಲಿಂದ. ಎರಡೂ ಸಲ ಹಿಡಿದರು. ಮತ್ತೆ ತಪ್ಪಿಸಿಕೊಳ್ಳುವುದಿಲ್ಲ ಎಂದು ಬರೆದುಕೊಟ್ಟರೆ ಪ್ಯಾರಿಸ್ಸಿನಲ್ಲೇ ಇಡುತ್ತೇವೆ ಎಂದರು. ಸಹಿ ಹಾಕಲಿಲ್ಲ. ಸುಳ್ಳು ಸಹಿ ಹಾಕಿ ಮತ್ತೆ ಓಡಬಹುದಿತ್ತಲ್ಲ ಎಂದು ನಮಗೆ ಅನಿಸುತ್ತದೆ. ಸುಳ್ಳು ಹೇಳಲು ಬರುವುದಿಲ್ಲ ಎಂದು ಬರೆದ ಮೇಷ್ಟ್ರು ಆಕೆಯನ್ನು ಸರಿಯಾಗಿಯೇ ನೋಡಿದ್ದ. ವಿಚಾರಣೆಯಲ್ಲಿ ಆಕೆಯಿಂದ ಉಪಯೋಗಕ್ಕೆ ಬರುವ ಏನೂ ಸಿಗಲಿಲ್ಲ ಎಂದು ಆ ಕಚೇರಿಯ ಮುಖ್ಯಸ್ಥನೇ ಯುದ್ಧದ ನಂತರ ಹೇಳಿಕೆ ಕೊಟ್ಟ.

ನವೆಂಬರ್ ಕೊನೆಯಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಕಳಿಸಿದರು. ಒಂಟಿ ಕೋಣೆ. ಕೈಗೂ ಕಾಲಿಗೂ ಸರಪಳಿ. ಹತ್ತು ತಿಂಗಳು. ಯಾರ ಜೊತೆಯೂ ಮಾತಿಲ್ಲ.

ಅದೇ ಜೈಲಿನಲ್ಲಿ ಫ್ರೆಂಚ್ ಹೆಣ್ಣುಮಕ್ಕಳು ಕೆಲವರಿದ್ದರು. ಊಟದ ಬಟ್ಟಲುಗಳು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದವು. ಬಟ್ಟಲಿನ ತಳದಲ್ಲಿ ಚೂಪಾದದ್ದೇನಾದರೂ ಹಿಡಿದು ಗೀಚಿ ಅವರು ಸುದ್ದಿ ಹಂಚಿಕೊಳ್ಳುತ್ತಿದ್ದರು. ನೂರ್ ಕೂಡ ಗೀಚಿದಳು. ಸರಪಳಿ ಹಾಕಿದ ಕೈಯಲ್ಲಿ ನೋರಾ ಬೇಕರ್ ಎಂಬ ಹೆಸರು, ಲಂಡನ್ನಿನ ಟ್ಯಾವಿಟನ್ ಬೀದಿಯ 4ನೇ ನಂಬರಿನ ವಿಳಾಸ. ಅದು ಅಮ್ಮ ಇದ್ದ ಮನೆ. ಬೇಕರ್ ಎಂಬುದು ಅಮ್ಮ ಮದುವೆಯ ದಿನ ಬಿಟ್ಟು ಬಂದ ಹೆಸರು. ಹದಿಮೂರನೆಯ ವಯಸ್ಸಿನಿಂದ ಯಾರ ಬಾಗಿಲ ಹೊರಗೆ ಊಟ ಹಿಡಿದು ನಿಂತಿದ್ದಳೋ ಆ ಅಮ್ಮನ ಹೆಸರು. ಬಾಗಿಲಿನ ಒಳಗೆ ಈಗ ಮಗಳು ಇದ್ದಳು.

1944ರ ಸೆಪ್ಟೆಂಬರ್‌ನಲ್ಲಿ ಆಕೆಯನ್ನೂ ಯೋಲಾಂಡ್ ಬೀಕ್‌ಮನ್, ಮೆಡಲೀನ್ ದಮೆರ್‌ಮಾಂ, ಎಲಿಯಾನ್ ಪ್ಲೂಮನ್ ಎಂಬ ಇನ್ನು ಮೂವರನ್ನೂ ಡಖಾವ್‌ಗೆ ಒಯ್ದು ಗುಂಡು ಹೊಡೆದರು. ನೂರ್‌ಗೆ ಮೂವತ್ತು ವರ್ಷ. ಮಣ್ಣು ಮಾಡಿದ ಜಾಗ ಇಲ್ಲ, ಶಿಬಿರದ ಒಲೆಗಳಲ್ಲಿ ಸುಟ್ಟರು. ಅಪ್ಪನ ಮುಖ ಕೊನೆಗೆ ನೋಡಲಾಗದ ಹಾಗೆಯೇ ಅಮ್ಮನಿಗೂ ತಮ್ಮಂದಿರಿಗೂ ಈಕೆಯ ಮುಖ ಸಿಗಲಿಲ್ಲ.

1946ರಲ್ಲಿ ಫ್ರಾನ್ಸ್ ಕ್ರೋಯಿಕ್ಸ್ ದ ಗೇರ್ ಪದಕ ಕೊಟ್ಟಿತು. 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಕೊಟ್ಟಿತು. ಅಮೀನಾ ಬೇಗಂ ತೀರಿಕೊಂಡದ್ದೂ ಅದೇ 1949ರಲ್ಲಿ. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಪ್ರತಿಮೆ ನಿಂತಿತು. ಬಾಬಾಸಾಹೇಬರು ಓದುತ್ತ ಕೂರುತ್ತಿದ್ದ ಬ್ರಿಟಿಷ್ ಮ್ಯೂಸಿಯಂ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ನಮ್ಮವರು ಲಂಡನ್ನಿಗೆ ಹೋದರೆ ಎರಡನ್ನೂ ಒಂದೇ ಮಧ್ಯಾಹ್ನ ನೋಡಬಹುದು.

2020ರಲ್ಲಿ ಟ್ಯಾವಿಟನ್ ಬೀದಿಯ ಆ 4ನೇ ನಂಬರಿನ ಮನೆಯ ಗೋಡೆಗೂ ನೀಲಿ ಫಲಕ ಹಾಕಿದರು. ಬಟ್ಟಲಿನ ತಳದಲ್ಲಿ ಗೀಚಿದ್ದ ಅದೇ ವಿಳಾಸ. ಫಲಕದ ಮೇಲಿರುವ ಹೆಸರು ಮಾತ್ರ ನೂರ್ ಇನಾಯತ್ ಖಾನ್.

ಈ ಭಾನುವಾರ ಮಕ್ಕಳ ತರಗತಿಯಲ್ಲಿ ಮಹಾಕಪಿ ಜಾತಕ ಓದುತ್ತೇವೆ. ಚಿಕ್ಕವರನ್ನೂ ಕರೆದುಕೊಂಡು ಬನ್ನಿ. ಜೈ ಭೀಮ್.